ತೋರಿಸಿದ್ದು ಕೊಟ್ಟಂತಾಯಿತೇ?

ಗ್ರಾಹಕರ ಹಿತ ಕಾಯಲೆಂದೇ ಸಂಬಳ ಪಡೆಯುತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಅತ್ತಿಗೆಯ ಗಿಫ್ಟ್ ಕಾರ್ಡನ್ನು ಒಬ್ಬ ಫೋನಿನಲ್ಲೇ ನುಂಗಿ ನೀರು ಕುಡಿದ. ದೂರು ಕೊಟ್ಟರೆ ತಮ್ಮ ಕಚೇರಿ, 'ಫಲಾನುಭವಿಯು ಸಂಖ್ಯೆಯನ್ನು ಸ್ವಇಚ್ಛೆಯಿಂದ ನೀಡಿರುವುದರಿಂದ ಇದು ಕಳವಲ್ಲ' ಎಂದು ಷರಾ ಬರೆದು ಕೈ ತೊಳೆದುಕೊಂಡಿತು. ಫಲಾನುಭವಿಯಂತೆ! ಯಾವ ಫಲ, ಯಾವ ಅನುಭವ, ಸ್ವಾಮಿ?

ಅತ್ತಿಗೆ ಬಟ್ಟೆ ಅಂಗಡಿಯಲ್ಲಿ ಸೇಲ್ಸಿನವರು. ನಾನು ಅದೇ ಅಂಗಡಿಯ ಮೆಟ್ಟಿಲ ಕೆಳಗೆ ಹೊಲಿಗೆ ಮಿಷನ್ ಇಟ್ಟುಕೊಂಡು ಪ್ಯಾಂಟುಗಳ ಕಾಲು ಗಿಡ್ಡ ಮಾಡುವವಳು. ಈ ಸಲ ಮಾಲೀಕರು ಬೋನಸ್ಸಿನ ಬದಲು ಕೆಲಸದವರ ಮೊಬೈಲಿಗೆ ಡಿಜಿಟಲ್ ಸ್ಟೋರಿನ ಗಿಫ್ಟ್ ಕಾರ್ಡ್ ಕಳಿಸಿದರು. ಅದರಲ್ಲಿ ಸಿಗುವುದೇನು? ಗೇಮು, ಸಿನಿಮಾ, ಹಾಡು. ಅತ್ತಿಗೆಗೆ ಬೇಕಾಗಿದ್ದು ಒಂದು ಮುಂದಿನ ಹಲ್ಲು. ಇದ್ದ ಹಲ್ಲು ಅಂಗಡಿಯ ಷಟರ್ ಬಡಿದು ಮುರಿದಿತ್ತು. "ಗಿರಾಕಿ ಮುಂದೆ ನಗು ಅಂತಾರೆ, ನಕ್ಕರೆ ಅವರು ಬಟ್ಟೆ ಬಿಟ್ಟು ನನ್ನ ಬಾಯೇ ನೋಡ್ತಾರೆ ಕಣೇ" ಎಂದು ಕೊರಗುತ್ತಿದ್ದರು. ಹಲ್ಲಿನ ಡಾಕ್ಟರು ಗಿಫ್ಟ್ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ನಾನು ಕೇಳಿ ನೋಡಿ ನಗೆಪಾಟಲಾಗಿ ಬಂದೆ.

ಸರಿ, ಕಾರ್ಡನ್ನು ನಗದು ಮಾಡಿಕೊಳ್ಳೋಣ ಅಂದುಕೊಂಡೆವು. ಎಲ್ಲಿ ಮಾರಿದರೆ ಮೋಸವಿಲ್ಲ ಎಂದು ಮೊದಲು ಕೇಳಿದ್ದು ತಮ್ಮ ಸಹಾಯವಾಣಿಯನ್ನೇ, ನೆನಪಿರಲಿ. "ವಂಚಕರಿದ್ದಾರೆ, ಎಚ್ಚರದಿಂದಿರಿ" ಎಂದರು. ಎಚ್ಚರದಿಂದಲೇ ಇದ್ದೀವಿ, ಹೋಗಬೇಕಾದ್ದು ಎಲ್ಲಿಗೆ ಹೇಳಿ ಎಂದರೆ, "ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ." ಡಿಜಿಟಲ್ ಸ್ಟೋರಿನವರು ಮಾರಿದ ಕಾರ್ಡನ್ನು ವಾಪಸ್ ಮುಟ್ಟುವುದಿಲ್ಲವಂತೆ. ಇನ್ನು ಉಳಿದವರು ಯಾರು? ಇಂಟರ್‌ನೆಟ್ಟಿನಲ್ಲಿ 'ಬೇಡದ ಕಾರ್ಡಿಗೆ ತಕ್ಷಣ ನಗದು' ಎಂದು ಹಲ್ಲು ಕಿರಿಯುತ್ತ ಕೂತಿದ್ದ ಒಬ್ಬ ಮಹಾನುಭಾವ.

ಅವನ ಮಾತೆಲ್ಲ ಬೆಲ್ಲ. "ಅಕ್ಕಾ, ಈಗಲೇ ಕೊಡೋದೇನೂ ಬೇಡ. ದುಡ್ಡು ಹಾಕೋಕೆ ಮುಂಚೆ ಕಾರ್ಡ್ ಅಸಲಿನಾ ಅಂತ ನೋಡ್ಬೇಕಲ್ವಾ? ನಂಬರ್ ತೋರಿಸಿ ಸಾಕು" ಅಂದನಂತೆ. ನನಗೆ ಗೊತ್ತಾಗುವಷ್ಟರಲ್ಲಿ ಅತ್ತಿಗೆ ನಂಬರಿನ ಸ್ಕ್ರೀನ್‌ಶಾಟ್ ಕಳಿಸಿಯಾಗಿತ್ತು, ಕಾರ್ಡು ಖಾಲಿಯಾಗಿತ್ತು, ಅವನ ಫೋನು ಸತ್ತಿತ್ತು.

"ಅಯ್ಯೋ ಅತ್ತಿಗೆ, ಯಾಕೆ ಕೊಟ್ರಿ?"

"ಎಲ್ಲೇ ಕೊಟ್ಟೆ? ತೋರಿಸ್ದೆ ಅಷ್ಟೇ!"

ಈ ಮಾತಿಗೆ ನಗಬೇಡಿ. ಬೆಳಗಿಂದ ಸಂಜೆವರೆಗೆ ಬಟ್ಟೆಯ ಥಾನು ಬಿಚ್ಚಿ ತೋರಿಸುವುದೇ ಅವರ ಉದ್ಯೋಗ. ಗಿರಾಕಿ ಮುಟ್ಟಿ, ಎಳೆದು, ಹೆಗಲ ಮೇಲೆ ಹಾಕಿ ಕನ್ನಡಿ ನೋಡಿಕೊಂಡು, 'ಇನ್ನೊಂದು ಕಡೆ ನೋಡಿ ಬರ್ತೀವಿ' ಎಂದು ಎದ್ದು ಹೋದರೂ ಬಟ್ಟೆ ಅಂಗಡಿಯದೇ. ಇವರು ಮಡಚಿಡಬೇಕು, ಅಷ್ಟೆ. ತೋರಿಸಿದ್ದೇ ಕೊಟ್ಟಂತಾಗುವ ವ್ಯಾಪಾರವನ್ನು ಅವರು ಕಂಡವರಲ್ಲ. ಈ ಕಾರ್ಡಿನಲ್ಲಿ ನಂಬರೇ ದುಡ್ಡು, ನೋಡಿದವನದೇ ಮಾಲು. ಇಷ್ಟು ಬರೆಯಲು, ಗ್ರಾಹಕರನ್ನು ಎಚ್ಚರಿಸಲೆಂದು ತಾವು ಊರೆಲ್ಲ ಅಂಟಿಸಿರುವ ಬಣ್ಣದ ಪೋಸ್ಟರಿನಲ್ಲಿ ಜಾಗವಿರಲಿಲ್ಲವೇ? ಅರ್ಧ ಪೋಸ್ಟರು ತಮ್ಮ ನಗುಮುಖಕ್ಕೇ ಮೀಸಲು. ಹಲ್ಲುಗಳು ಚೆನ್ನಾಗಿವೆ, ಒಂದೂ ಬಿಡದೆ ಕಾಣುತ್ತವೆ.

ಆದ್ದರಿಂದ ಆ 'ಸ್ವಇಚ್ಛೆ'ಯ ಷರಾ ಹೊಡೆದುಹಾಕಿ. ಬಳಸದ ಕಾರ್ಡನ್ನು ಮಾರಿದ ಸ್ಟೋರೇ ವಾಪಸ್ ಪಡೆದು ನಗದು ಕೊಡಲಿ ಎಂದು ನಿಯಮ ಮಾಡಿ. ಅಲ್ಲಿಯವರೆಗೆ ತಮ್ಮ ಕಚೇರಿಯಲ್ಲೇ ಒಂದು ಕೌಂಟರ್ ತೆರೆಯಿರಿ, ನಂಬರು ತೋರಿಸಿದ ಕೈಗೆ ಅಲ್ಲೇ ದುಡ್ಡು ಬೀಳಲಿ. ಇದಂತೂ ತಮ್ಮ ವ್ಯಾಪ್ತಿಗೆ ಬರುತ್ತದಲ್ಲವೇ?

ಮೊನ್ನೆ ಮಾಲೀಕರು ಗಿರಾಕಿಗಳ ಎದುರೇ ಅತ್ತಿಗೆಯ ಮೇಲೆ ರೇಗಿದರು, "ಒಂದೇ ಕೈಯಲ್ಲಿ ಥಾನು ಬಿಚ್ತೀಯಲ್ಲಮ್ಮ, ಇನ್ನೊಂದು ಕೈಗೆ ಏನಾಗಿದೆ?" ಎಂದು. ಇನ್ನೊಂದು ಕೈ ಬಾಯಿಯ ಮೇಲಿತ್ತು, ಸ್ವಾಮಿ.

ಇಂತಿ,
ಬಾಯಿ ತುಂಬ ಹಲ್ಲಿದ್ದೂ ನಗಲಾಗದ
ನಾದಿನಿ