ಗಂಟು ಬಿಚ್ಚದ ಗಾಡಿ

ಮನೆಯಿಂದ,
೧೪ನೇ ತಾರೀಕು, ಮಂಗಳವಾರ

ಪ್ರೀತಿಯ ಅಣ್ಣಾ,

ಹಡಗಿನ ಉಪ್ಪುಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಯಿತೇ? ಅಮ್ಮನ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ಚೆನ್ನಾಗಿದ್ದೇನೆ, ಗಾಡಿ ಚೆನ್ನಾಗಿಲ್ಲ. ಅಪ್ಪ ನಿನ್ನ ಹೆಸರಿಗೆ ಬರೆದಿಟ್ಟು ಹೋದ ಹೆಣ ಸಾಗಿಸುವ ವ್ಯಾನು ಈಗ ಪೊಲೀಸ್ ಠಾಣೆಯ ಹಿಂದೆ, ನಜ್ಜುಗುಜ್ಜಾದ ಬೈಕುಗಳ ನಡುವೆ, ಚಕ್ರಕ್ಕೆ ಸರಪಳಿ ಹಾಕಿಸಿಕೊಂಡು ನಿಂತಿದೆ.

ಹೋದ ವಾರ ಆಸ್ಪತ್ರೆಯಿಂದ ಒಬ್ಬ ಮುದುಕರನ್ನು ಒಯ್ಯುತ್ತಿದ್ದೆ. ಅಳಿಯ ಎಂದು ಹೇಳಿಕೊಂಡವನು ಸತ್ತವರ ಬಟ್ಟೆಯ ಗಂಟೊಂದನ್ನು ಅವರ ಕಾಲ ಬಳಿ ಇಟ್ಟು ಹತ್ತಿದ. ತಪಾಸಣೆಯ ಗೇಟಿನಲ್ಲಿ ಪೊಲೀಸರು ಗಂಟು ಬಿಚ್ಚಿದರೆ, ಅಂಗಿಗಳ ಮಡಿಕೆಯೊಳಗೆ ಮಾದಕ ಮಾತ್ರೆಯ ಪೊಟ್ಟಣಗಳು. ಅಳಿಯ ಓಟ ಕಿತ್ತ. ಓಡಿದವನು ಗೆದ್ದ, ನಿಂತವನು ಬಿದ್ದ. ಇನ್‌ಸ್ಪೆಕ್ಟರು ನನ್ನನ್ನು ಕೂರಿಸಿ, "ನಿಮ್ಮ ಮೇಲೆ ಕೇಸಿಲ್ಲ ಕಣ್ರೀ, ಕೇಸು ಗಾಡಿ ಮೇಲೆ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕಾನೂನಾಗಿ ನೋಡಿದ್ದು ಇದೇ ಮೊದಲು. ಈ ತಿಂಗಳೊಳಗೆ ಮಾಲೀಕನೇ ಅಫಿಡವಿಟ್ಟು ಕೊಟ್ಟು ಗಾಡಿಯ ಪರವಾಗಿ ನಿಲ್ಲದಿದ್ದರೆ ಹರಾಜು.

ಲಾಯರಮ್ಮ ಒಳ್ಳೆಯವರು. ನಮಗೆ ಗೊತ್ತಿರಲಿಲ್ಲ ಎಂದರೆ ಸಾಲದಂತೆ. ತಕ್ಕ ಎಚ್ಚರ ವಹಿಸಿದ್ದೆವು ಎಂದೂ ನಾವೇ ತೋರಿಸಬೇಕಂತೆ. "ಪ್ರತಿ ಗಂಟೂ ಬಿಚ್ಚಿ ನೋಡ್ತೀವಿ, ಅವತ್ತೊಂದಿನ ತಪ್ಪಿತು ಅಂತ ಬರೀತೀನಿ. ಗಾಡಿ ಮನೆಗೆ ಬರುತ್ತೆ" ಎಂದರು. ನನಗೆ ಅಪ್ಪನ ಮಾತು ನೆನಪಾಯಿತು: "ಸತ್ತವರ ಗಂಟು ಬಿಚ್ಚಬೇಡ್ರೋ, ಬೇಡ ಅನ್ನೋಕೆ ಅವರಿಂದಾಗಲ್ಲ." ಅದಕ್ಕೇ ತಾನೇ ಜನ ಬೇರೆ ಗಾಡಿ ಬಿಟ್ಟು ನಮ್ಮನ್ನು ಕರೆಯುತ್ತಿದ್ದುದು? ನಿಜವನ್ನೇ ಬರೆದರೆ ಹೇಗೆ ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. "ವಾದ ಮಾಡ್ತೀನಿ. ಗೆಲ್ತೀನಿ ಅನ್ನಲ್ಲ."

ಕಾಗದಗಳನ್ನು ಜೊತೆಗಿಟ್ಟಿದ್ದೇನೆ. ಮುಂದಿನ ಬಂದರಿನಲ್ಲೇ ಸಹಿ ಹಾಕಿ ಕಳಿಸು. ಅಮ್ಮ ಹರಸಿದ್ದಾಳೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಡೆಕ್ಕಿಗೆ ಹೋಗಬೇಡ ಎಂದಿದ್ದಾಳೆ.

ಇಂತಿ,
ಸದ್ಯಕ್ಕೆ ನಡೆದೇ ಓಡಾಡುವ ನಿನ್ನ ತಮ್ಮ

ಲಕೋಟೆ ಅಂಟಿಸುವ ಮೊದಲು: ಅಫಿಡವಿಟ್ಟು ಎರಡಿವೆ, ನೋಡಿಕೋ. ಒಂದರಲ್ಲಿ ನಾವು ಗಂಟು ಬಿಚ್ಚುತ್ತೇವೆ, ಇನ್ನೊಂದರಲ್ಲಿ ಎಂದೂ ಬಿಚ್ಚಿಲ್ಲ. ಗಾಡಿ ನಿನ್ನದು, ಸಹಿಯೂ ನಿನ್ನದು. ಆದರೆ ಮೊದಲನೆಯದಕ್ಕೆ ಸಹಿ ಹಾಕಿದರೆ ಮುಂದೆ ಅದನ್ನು ನಿಜ ಮಾಡಬೇಕಾಗುತ್ತದೆ; ಗಂಟು ಬಿಚ್ಚುವ ಆ ಕೈ ನನ್ನದಲ್ಲ, ಬೇರೆ ಡ್ರೈವರನನ್ನು ಹುಡುಕು. ಅಮ್ಮನಿಗೂ ಹೇಳಿದೆ. "ಊಟಕ್ಕೆ ಏನ್ಮಾಡ್ತೀಯೋ, ದೊಡ್ಡ ಮನುಷ್ಯಾ?" ಎಂದು ಬೈದಳು. ಆಮೇಲೆ ಎರಡನೆಯದನ್ನು ತಾನೇ ಮಡಿಸಿ ಮೇಲಿಟ್ಟಳು.