ಸ್ಕ್ರೂ ಮೇಲಿನ ನೈಲ್ ಪಾಲಿಶ್

ಮಾರ್ಚ್ 3, ಸೋಮವಾರ
ನಾಟಕದ ಹಾಲ್‌ನ ದೊಡ್ಡ ಆಂಪ್ಲಿಫೈಯರ್ ಮತ್ತೆ ಬಂದು ಕೂತಿದೆ. ಎರಡನೇ ಸಲ. ಸೀರೀಸ್ ಬಲ್ಬ್ ಸೇರಿಸಿ ಆನ್ ಮಾಡಿದೆ. ಬಲ್ಬ್ ಝಗ್ಗನೆ ಉರಿಯಿತು — ಅಂದರೆ ಪವರ್ ಸಪ್ಲೈನಲ್ಲೇ ಶಾರ್ಟ್. ಬಿಚ್ಚಿದರೆ, ಕೆಪಾಸಿಟರ್ ಎರಡರದೂ ತಲೆ ಉಬ್ಬಿದೆ. ಹೆಂಡತಿಯ ತಮ್ಮ ಇಣುಕಿ ನೋಡಿದ.
"ಭಾವ, ಇವು ಐವತ್ತು ವೋಲ್ಟಿನವು."
ಇಲ್ಲಿ ಬರುವುದೇ ಐವತ್ತಾರು ವೋಲ್ಟ್. ಎಂಬತ್ತರದೇ ಬೇಕು.
"ನಾನು ಹಾಕಿದ್ದು ಎಂಬತ್ತು."
"ಹಾಗಾದ್ರೆ ಇವು ಎಲ್ಲಿಂದ ಬಂದ್ವು?"
"ಅದನ್ನೇ ನಾನೂ ಕೇಳ್ತಿರೋದು."
ಹೋದ ಸಲ ಹಾಲ್‌ಗೆ ತಲುಪಿಸಿದವನು ಇವನೇ. ಮಧ್ಯೆ ಬೇರೆ ಯಾರ ಕೈಗೂ ಹೋಗಿಲ್ಲ.
ಹಾಲ್ ಮ್ಯಾನೇಜರ್ ಫೋನ್: "ಇನ್ನೊಂದು ಸಲ ಕೈಕೊಟ್ರೆ ನಿಮ್ಮ ಅಂಗಡಿಗೆ ದೊಡ್ಡ ನಮಸ್ಕಾರ." ಹಾಲ್ ಕೆಲಸ ಹೋದರೆ ಅಂಗಡಿಯೂ ಹೋದಂತೆ.

ಮಾರ್ಚ್ 5, ಬುಧವಾರ
ಹೊಸ ಕೆಪಾಸಿಟರ್ ಹಾಕಿದೆ. ಬೆಳಕಿಗೆ ಹಿಡಿದು, ಓದಿಯೇ ಹಾಕಿದೆ. ನಾಲ್ಕೂ ಸ್ಕ್ರೂ ತಲೆಗೆ ನೈಲ್ ಪಾಲಿಶ್. ಯಾರಾದರೂ ಬಿಚ್ಚಿದರೆ ಒಡೆಯುತ್ತದೆ.
ಬಾಟಲಿ ಕೊಡುವಾಗ ಹೆಂಡತಿ: "ಏನ್ರೀ, ಆಂಪ್ಲಿಫೈಯರ್‌ಗೆ ಮದುವೆನಾ?" ಕಾರಣ ಹೇಳಿದೆ. ಹೇಳಬಾರದಿತ್ತು.
ಪೇಪರಿನವರು ಅಕ್ಷರ ಇನ್ನೂ ಸಣ್ಣ ಮಾಡಿದ್ದಾರೆ. ಕಾಗದ ಉಳಿಸುವ ಹೂಟ.

ಮಾರ್ಚ್ 6, ಗುರುವಾರ
ಹಾಲ್‌ಗೆ ಬೈಕಿನಲ್ಲಿ ಹತ್ತು ನಿಮಿಷ. ಊಟ ಆದಮೇಲೆ ಆಂಪ್ಲಿಫೈಯರ್ ತಲುಪಿಸಲು ಹೊರಟ ಹೆಂಡತಿಯ ತಮ್ಮ ಸಂಜೆಗೆ ಬಂದ.
"ಟೈರ್ ಪಂಕ್ಚರ್, ಭಾವ."
ಅಂಗಿಯ ತೋಳಿನಲ್ಲಿ ಸಾಲ್ಡರ್ ಹೊಗೆಯ ವಾಸನೆ. ಇವತ್ತು ಅಂಗಡಿಯಲ್ಲಿ ಯಾರೂ ಸಾಲ್ಡರಿಂಗ್ ಐರನ್ ಮುಟ್ಟಿರಲೇ ಇಲ್ಲ.
ಹೋದ ತಿಂಗಳ ಮಾತು ನೆನಪಾಯಿತು: "ಭಾವ, ನೀವಿನ್ನು ಕೌಂಟರ್ ನೋಡ್ಕೊಳ್ಳಿ. ರಿಪೇರಿ ಬೆಂಚ್ ನಾನು ನೋಡ್ಕೋತೀನಿ." ನನ್ನ ಹೆಸರು ಕೆಡಿಸಿ ಬೆಂಚ್ ಹಿಡಿಯುವ ಲೆಕ್ಕಾಚಾರ... ಸುಮ್ಮನೆ ಹಾಗೆ ಅನ್ನುವವನಲ್ಲ ಅವನು.

ಮಾರ್ಚ್ 14, ಶುಕ್ರವಾರ
ಹಾಲ್‌ನಿಂದ ದೂರಿಲ್ಲ. ಅದಕ್ಕೇ ಅನುಮಾನ. ಕೇಬಲ್ ನೋಡುವ ನೆಪದಲ್ಲಿ ನಾನೇ ಹೋದೆ. ಪಾಲಿಶ್ ಒಡೆದಿಲ್ಲ. ಆದರೆ ಅವತ್ತು ಒಂದು ಸ್ಕ್ರೂ ಮೇಲೆ ನನ್ನ ಕೈ ಜಾರಿ ಬಣ್ಣ ಹೊರಗೆ ಇಳಿದಿತ್ತು. ಆ ಗೆರೆ ಇಲ್ಲ. ನಾಲ್ಕೂ ಗುಂಡಗೆ, ಅಚ್ಚುಕಟ್ಟು.
ಅದೇ ಕೆಂಪು. ಮನೆಯದೇ ಬಾಟಲಿ.
ಮನೆಗೆ ಬಂದು ಹೆಂಡತಿಯನ್ನು ಕೇಳಿದೆ: "ಪಾಲಿಶ್ ಎಲ್ಲಿ?"
"ಮುಗೀತು, ಬಿಸಾಕ್ದೆ," ಎಂದಳು. ನನ್ನ ಕಡೆ ನೋಡಲಿಲ್ಲ.
ಅಕ್ಕ ತಮ್ಮ ಒಂದಾಗಿದ್ದಾರೆ.

ಮಾರ್ಚ್ 15, ಶನಿವಾರ
ಧೂಳು ತೆಗೆಯಬೇಕೆಂದು ಹೇಳಿ ಆಂಪ್ಲಿಫೈಯರ್ ತರಿಸಿದೆ. ಹೆಂಡತಿಯ ತಮ್ಮನನ್ನು ಬಿಡಿಭಾಗ ತರಲು ಅಟ್ಟಿದೆ. ಪಕ್ಕದ ವಾಚ್ ರಿಪೇರಿಯವನ ಭೂತಗನ್ನಡಿ ಕೇಳಿ ತಂದೆ. ಬಿಚ್ಚಿದೆ.
ಒಳಗೆ ಎಂಬತ್ತರದೇ ಇವೆ. ಸಾಲ್ಡರ್ ಮಾತ್ರ ನನ್ನದಲ್ಲ — ಸಣ್ಣ, ಹೊಳೆಯುವ ಬೆಸುಗೆ.
ಅವನ ಡ್ರಾಯರ್ ಎಳೆದೆ. ಮೂಲೆಯಲ್ಲಿ, ಪೇಪರಿನಲ್ಲಿ ಸುತ್ತಿದ ಎರಡು ಕೆಪಾಸಿಟರ್. ಕಾಲಿನಲ್ಲಿ ನನ್ನ ದಪ್ಪ ಬೆಸುಗೆ. ಐದನೇ ತಾರೀಕು ನಾನು ಹಾಕಿದವು. ಗಾಜಿನಡಿ ಹಿಡಿದೆ. ಒರೆಸಿ ಮತ್ತೆ ಹಿಡಿದೆ. ಐವತ್ತು.
ಮಧ್ಯಾಹ್ನ ಮನೆಗೆ ಹೋದೆ. ಹೆಂಡತಿ ಆಚೆ ತಿರುಗಿ ಪಾತ್ರೆ ತೊಳೆಯುತ್ತಿದ್ದಳು.
"ಒಂದು ಕೆಪಾಸಿಟರ್ ತಂದಿದೀನಿ. ಎಷ್ಟು ವೋಲ್ಟ್ ಅಂತ ಓದಿ ಹೇಳು."
"ಐವತ್ತು," ಎಂದಳು, ತಿರುಗದೆ.
ಅದು ಇನ್ನೂ ನನ್ನ ಜೇಬಿನಲ್ಲೇ ಇತ್ತು.

ಮಾರ್ಚ್ 17, ಸೋಮವಾರ
ಶಾಲೆಯೊಂದರ ಆಂಪ್ಲಿಫೈಯರ್. ಅದೇ ರೋಗ. ಎರಡು ಕೆಪಾಸಿಟರ್ ಹಾಕಿ ಮುಗಿಸಿದೆ. ಅವನು ಬೈಕಿನ ಕೀ ಹಿಡಿದು ಹತ್ತಿರವೇ ಸುಳಿದಾಡುತ್ತಿದ್ದ.
"ಮುಚ್ಚಿ ಕೊಡಿ ಭಾವ, ನಾನೇ ತಲುಪಿಸ್ತೀನಿ."
ಮುಚ್ಚಲಿಲ್ಲ. ಹಾಗೆಯೇ ಅವನ ಕಡೆ ತಿರುಗಿಸಿ ಟಾರ್ಚ್ ಕೊಟ್ಟೆ.
"ಇಲ್ಲೇ ಓದು."
ನನ್ನ ಮುಖ ನೋಡಿದ. ಕೀ ಬೆಂಚಿನ ಮೇಲಿಟ್ಟು ಬಾಗಿದ.
"ಇದು ಎಂಬತ್ತು, ಭಾವ."
ಎರಡನೆಯದರ ಮೇಲೆ ಬೆರಳಿಟ್ಟ. "ಇದು ಐವತ್ತು." ನಾನು ಐರನ್ನಿನ ಸ್ವಿಚ್ ಹಾಕಿ, ಸ್ಟೂಲು ಅವನಿಗೆ ಬಿಟ್ಟು ಎದ್ದು ಕೌಂಟರಿಗೆ ಹೋದೆ.