ಹದಿಮೂರನೇ ಕುಳಿ ಮತ್ತು ಬಟ್ಟೆಹಗ್ಗ

ಪಿಟ್‌ಹೇವನ್, ಸ್ಕಾಟ್ಲೆಂಡ್

ಗಾಲ್ಫ್ ಕ್ಲಬ್ಬಿನ ಕ್ಯಾಪ್ಟನ್ ಸಾಹೇಬರಿಗೆ,

ಹದಿಮೂರನೇ ಕುಳಿಯ ಹಸಿರುಹಾಸನ್ನು ಹೊಸದು ಮಾಡಿ ಕಡಲ ಕಡೆಗೆ ಸರಿಸುತ್ತೀರಂತೆ. ಅದಕ್ಕೆ ನಮ್ಮ ಬಟ್ಟೆಹಗ್ಗದ ಕಂಬಗಳನ್ನು ಕೀಳಬೇಕಂತೆ. ನಿನ್ನೆ ನಿಮ್ಮ ಗುತ್ತಿಗೆದಾರ ಬಂದು, "ಅಜ್ಜೀ, ಇದು ಚಾರಿತ್ರಿಕ ಮೈದಾನ, ಇಲ್ಲಿ ಬಟ್ಟೆ ಒಣಗಿಸ್ಬಾರ್ದು" ಎಂದ. "ನಿಮ್ಮ ಆಟ ಬರೋಕ್ಮುಂಚೇನೇ ನಮ್ಮೂರ ಹೆಂಗಸ್ರು ಇಲ್ಲಿ ಬಟ್ಟೆ ಹರವ್ತಿದ್ರು. ಹೋಗಿ ನಿನ್ನ ಕ್ಯಾಪ್ಟನ್ನಿಗೆ ಹೇಳು" ಎಂದೆ.

ಈ ಸೋಮವಾರವೂ ಹಾಸು ಹೊದಿಕೆಗಳನ್ನು ಒಗೆದು ಅಲ್ಲೇ ಹಾಕುತ್ತೇನೆ. ಚೆಂಡು ಬಟ್ಟೆಗೆ ಬಡಿದರೆ ಪಕ್ಕಕ್ಕಿಟ್ಟು ಹೊಡೆಯಿರಿ. ನಿಮ್ಮ ತಂದೆಯವರು ಕೊನೆಯವರೆಗೂ ಹಾಗೇ ಆಡಿದರು, ಒಂದು ದಿನವೂ ಗೊಣಗಲಿಲ್ಲ. ಕ್ಯಾಪ್ಟನ್ ಸಾಹೇಬರ ಉಚ್ಚೆಬಟ್ಟೆಗಳೂ ಆ ಹಗ್ಗದ ಮೇಲೇ ಒಣಗಿದವು.

ಎಡಗಡೆಯ ಕಂಬ ವಾಲಿದೆ. ಸುತ್ತಿಗೆ ಹಿಡಿದು ಬಾ, ಆರ್ಚೀ. ಕೀಳುವುದಕ್ಕಲ್ಲ, ನೆಟ್ಟಗೆ ನಿಲ್ಲಿಸುವುದಕ್ಕೆ.

ನಿನ್ನ ತಾಯಿ,
ಎಫಿ ಗೌರ್ಲೆ